ಬೀರು ಆಮೇಲೆ ನೋಡೋಣ, ಮೊದಲು ಕಂತು: ಸರಳ ಬದುಕಿಗೆ ಒಂದೊಂದೇ ಹೆಜ್ಜೆ

ಸರಳವಾಗಿ ಬದುಕಬೇಕು ಅಂತ ಮನಸ್ಸು ಮಾಡಿದವರು ಸಾಮಾನ್ಯವಾಗಿ ಬಟ್ಟೆ ಬೀರುವಿನಿಂದ ಶುರು ಮಾಡುತ್ತಾರೆ. ಹಳೇ ಬಟ್ಟೆ ಕೊಟ್ಟುಬಿಡುತ್ತಾರೆ. ಅಟ್ಟದ ಮೇಲಿನ ಸಾಮಾನು ಇಳಿಸುತ್ತಾರೆ. ಮನೆ ಚೆಂದ ಕಾಣುತ್ತದೆ. ಆದರೆ ತಿಂಗಳ ಐದನೇ ತಾರೀಕು ಕಂತು ಕಡಿತವಾದ ಮೆಸೇಜು ಬಂದಾಗ ಎದೆ ಮೊದಲಿನಷ್ಟೇ ಭಾರವಾಗಿರುತ್ತದೆ.

ಸಂಬಳದ ಮೇಲೆ ನಡೆಯುವ ನಮ್ಮ ಮನೆಗಳಲ್ಲಿ ಬದುಕನ್ನು ಭಾರ ಮಾಡಿರುವುದು ಅಟ್ಟದ ಮೇಲಿನ ಪಾತ್ರೆಗಳಲ್ಲ. ಸೈಟು, ಮನೆ, ಕಾರು, ಮದುವೆ, ಮಕ್ಕಳ ಶಾಲೆ. ಇಂಥ ವಯಸ್ಸಿಗೆ ಇಂಥದ್ದು ಆಗಲೇಬೇಕು ಅಂತ ಎಲ್ಲರೂ ನಂಬಿಕೊಂಡಿದ್ದೇವೆ. "ಇನ್ನೂ ಬಾಡಿಗೆ ಮನೇಲೇ ಇದ್ದೀರಾ?" ಅನ್ನೋ ಒಂದೇ ಪ್ರಶ್ನೆ ಎಷ್ಟೋ ಜನರನ್ನು ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕಿಸಿದೆ. ಆದ್ದರಿಂದ ಇಲ್ಲಿ ದೊಡ್ಡದರಿಂದ ಶುರು ಮಾಡಿ ಚಿಕ್ಕದಕ್ಕೆ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಬೇಕು. ಇದು ತಿಂಗಳ ಕೊನೆಗೆ ಒಂದಿಷ್ಟಾದರೂ ಉಳಿಸಬಲ್ಲವರಿಗೆ ಬರೆದದ್ದು. ಬರುವುದೇ ಸಾಲದೆ ಒದ್ದಾಡುತ್ತಿರುವವರಿಗೆ "ಸರಳವಾಗಿ ಬದುಕಿ" ಅನ್ನುವುದು ನನ್ನ ಮಟ್ಟಿಗೆ ತಪ್ಪು. ಅವರಿಗೆ ಬೇಕಿರುವುದು ಒಳ್ಳೆಯ ಕೂಲಿ, ಉಪದೇಶವಲ್ಲ.

ಹೆಜ್ಜೆ 1: ಮೂರು ತಿಂಗಳ ಲೆಕ್ಕ ಹರಡಿ ಕೂರಿ

ಹೊಸದಾಗಿ ಡೈರಿ ಬರೆಯುವ ಕಷ್ಟ ಬೇಡ. ಹಿಂದಿನ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ಫೋನ್‌ಪೇ, ಗೂಗಲ್ ಪೇಯಲ್ಲಿ ಹೋದದ್ದೆಲ್ಲ ಅದರಲ್ಲೇ ಸಿಗುತ್ತದೆ. ಒಂದು ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಜೊತೆಗೆ ಕೂತು ಪ್ರತಿ ಖರ್ಚಿನ ಮುಂದೆ ಒಂದು ಗುರುತು ಹಾಕಿ. ನಮಗೆ ಬೇಕಾಗಿತ್ತು ಅನ್ನಿಸಿದರೆ 'ಬೇ'. ನಾಲ್ಕು ಜನ ಏನಂದುಕೊಳ್ತಾರೋ ಅಂತ ಮಾಡಿದ್ದಾದರೆ 'ನಾ'. ಯಾಕೆ ಮಾಡಿದೆವು ಅಂತಲೇ ಗೊತ್ತಾಗದಿದ್ದರೆ 'ಗೊ'. ಯಾರೂ ಯಾರನ್ನೂ ಬೈಯಬಾರದು. ಗುರುತು ಹಾಕೋದಷ್ಟೇ ಆ ದಿನದ ಕೆಲಸ.

ವರ್ಷಕ್ಕೊಮ್ಮೆ ಬರುವ ಖರ್ಚು ಈ ಮೂರು ತಿಂಗಳಲ್ಲಿ ಕಾಣದೇ ಇರಬಹುದು. ಶಾಲೆಯ ಫೀಸು, ಗಾಡಿ ಇನ್ಶೂರೆನ್ಸ್, ಗೌರಿ ಹಬ್ಬದ ಬಾಗಿನ, ಊರಿನ ಜಾತ್ರೆ, ಮದುವೆಗಳಿಗೆ ಹಾಕುವ ಮುಯ್ಯಿ. ಇವನ್ನೆಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸಿ. ಇದನ್ನು ಬಿಟ್ಟರೆ ಇಡೀ ಲೆಕ್ಕ ಸುಳ್ಳಾಗುತ್ತದೆ.

ಆಮೇಲೆ ನಿಮ್ಮ ಒಂದು ಗಂಟೆಯ ಬೆಲೆ ಕಂಡುಕೊಳ್ಳಿ. ಕೈಗೆ 60,000 ಸಂಬಳ ಬರುತ್ತದೆ ಅನ್ನಿ. ತಿಂಗಳಿಗೆ 22 ದಿನ, ದಿನಕ್ಕೆ ಆಫೀಸು 9 ಗಂಟೆ, ಟ್ರಾಫಿಕ್ಕಿನಲ್ಲಿ ಹೋಗಿ ಬರೋಕೆ 3 ಗಂಟೆ. ಒಟ್ಟು 264 ಗಂಟೆ. ಕೆಲಸಕ್ಕೆ ಹೋಗುವುದರಿಂದಲೇ ಆಗುವ ಖರ್ಚು, ಅಂದರೆ ಪೆಟ್ರೋಲು, ಹೊರಗಿನ ಊಟ, ಕ್ಯಾಬು, 8,000 ಕಳೆಯಿರಿ. ಉಳಿದ 52,000ವನ್ನು 264ರಿಂದ ಭಾಗಿಸಿದರೆ ಗಂಟೆಗೆ 200 ರೂಪಾಯಿಯೂ ಇಲ್ಲ. ಈಗ 40,000 ರೂಪಾಯಿಯ ಫೋನಿನ ಬೆಲೆ ನೋಡಿ. ಮನೆ ಬಿಟ್ಟು ಹೊರಟು ಮನೆ ಸೇರುವ ತನಕದ ಹದಿನೇಳು ದಿನ. ಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಹದಿನೇಳು ದಿನ ಕೊಡುತ್ತಿದ್ದೇನೆ ಅಂತ ಗೊತ್ತಿದ್ದು ಕೊಡಿ.

ಹೆಜ್ಜೆ 2: ಎಷ್ಟಾದರೆ ಸಾಕು ಅಂತ ಬರೆದಿಡಿ

ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಿಂದಲೇ ಅವರ ಊಟ, ಅದರಿಂದಲೇ ದಾಸೋಹ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಖುಷಿಪಡಲಿಲ್ಲ. ಇಷ್ಟೊಂದು ನಮಗೇಕೆ ಅಂತ ಕೇಳಿ, ಹೆಚ್ಚಾದದ್ದನ್ನು ತಂದಲ್ಲಿಗೇ ಹಿಂದಿರುಗಿಸಿ ಬಾ ಅಂತ ಕಳಿಸಿದಳು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವಳ ತ್ಯಾಗವಲ್ಲ. ದಿನಕ್ಕೆ ಎಷ್ಟು ಅಕ್ಕಿ ಬೇಕು ಅಂತ ಅವಳಿಗೆ ಖಚಿತವಾಗಿ ಗೊತ್ತಿತ್ತು. ಆ ಅಳತೆ ಗೊತ್ತಿದ್ದರಿಂದಲೇ ಹೆಚ್ಚಾದದ್ದು ಅವಳ ಕಣ್ಣಿಗೆ ಬಿತ್ತು. ನಮ್ಮಲ್ಲಿ ಹೆಚ್ಚಿನವರಿಗೆ ಆ ಅಳತೆಯೇ ಗೊತ್ತಿಲ್ಲ. ಸಂಬಳ ಏರಿದಂತೆ ಖರ್ಚು ಏರುತ್ತದೆ, ಎರಡೂ ಎಲ್ಲಿ ನಿಲ್ಲಬೇಕು ಅಂತ ಯಾರೂ ಗೆರೆ ಎಳೆದಿಲ್ಲ.

'ಬೇ' ಗುರುತಿನ ಖರ್ಚನ್ನೆಲ್ಲ ಕೂಡಿಸಿ. ನಿಮಗೆ ನಿಜವಾಗಿ ಸಂತೋಷ ಕೊಡುವ ಒಂದೆರಡು ಖರ್ಚನ್ನು ಧಾರಾಳವಾಗಿ ಇಟ್ಟುಕೊಳ್ಳಿ. ಸಂಗೀತದ ಪಾಠ ಇರಬಹುದು, ವರ್ಷಕ್ಕೊಂದು ಪ್ರವಾಸ ಇರಬಹುದು, ಒಳ್ಳೆಯ ಕಾಫಿಪುಡಿ ಇರಬಹುದು. ಬಂದ ಮೊತ್ತಕ್ಕೆ ನೂರಕ್ಕೆ ಹತ್ತು ಸೇರಿಸಿ. ಅದೇ ನಿಮ್ಮ 'ಸಾಕು'. ಫ್ರಿಜ್ಜಿನ ಮೇಲೆ ಅಂಟಿಸಿ. ಮುಂದಿನ ಎಲ್ಲ ತೀರ್ಮಾನಕ್ಕೂ ಇದೇ ಅಳತೆ.

ಹೆಜ್ಜೆ 3: ಸಾಲ ತೀರಿಸುವ ಸರದಿ

ಬಡ್ಡಿ ಎಲ್ಲಿ ಜಾಸ್ತಿಯೋ ಅದು ಮೊದಲು. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ 3ರಿಂದ 3.75% ಬಡ್ಡಿ ಬೀಳುತ್ತದೆ. ವರ್ಷಕ್ಕೆ 36ರಿಂದ 45%. 'ಕನಿಷ್ಠ ಪಾವತಿ' ಮಾತ್ರ ಕಟ್ಟುತ್ತಾ ಹೋದರೆ ಅಸಲು ಕದಲುವುದೇ ಇಲ್ಲ. ಅಂಥ ಬಾಕಿ ಇದ್ದರೆ ಬೇರೆ ಯಾವ ಉಳಿತಾಯಕ್ಕೂ ಅರ್ಥವಿಲ್ಲ. ಇರುವ ಎಫ್‌ಡಿ ಮುರಿದಾದರೂ ತೀರಿಸಿ. ಎರಡನೆಯದು ಪರ್ಸನಲ್ ಲೋನ್, ಮೂರನೆಯದು ಕಾರು ಸಾಲ. ಮನೆ ಸಾಲ ಕೊನೆಗೆ.

ಅಂಗಡಿಯಲ್ಲಿ ಬಡ್ಡಿಯಿಲ್ಲದ ಕಂತು ಅಂತ ಬೋರ್ಡು ಹಾಕಿರುತ್ತಾರಲ್ಲ, ಅದನ್ನೂ ನಂಬಬೇಡಿ. ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿಎಸ್‌ಟಿ, ಒಟ್ಟಿಗೆ ಹಣ ಕೊಟ್ಟವರಿಗೆ ಸಿಗುವ ರಿಯಾಯಿತಿ ನಿಮಗೆ ತಪ್ಪುವುದು, ಇವುಗಳಲ್ಲಿ ಬಡ್ಡಿ ಅಡಗಿರುತ್ತದೆ.

ಮನೆ ಸಾಲದ ಒಳಗುಟ್ಟು ಗೊತ್ತಿರಲಿ. 50 ಲಕ್ಷ ಸಾಲ, 8.5% ಬಡ್ಡಿ, 20 ವರ್ಷ ಅಂತಾದರೆ ಕಂತು ಸುಮಾರು 43,400. ಮೊದಲ ತಿಂಗಳ ಕಂತಿನಲ್ಲಿ 35,400ಕ್ಕೂ ಹೆಚ್ಚು ಬರೀ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು ಎಂಟು ಸಾವಿರದೊಳಗೆ. ಇಪ್ಪತ್ತು ವರ್ಷದಲ್ಲಿ ಒಟ್ಟು ಕಟ್ಟುವುದು ಸುಮಾರು 1 ಕೋಟಿ 4 ಲಕ್ಷ. ಈಗಾಗಲೇ ಸಾಲ ಮಾಡಿದ್ದರೆ ಗಾಬರಿ ಬೇಡ. ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟುತ್ತಾ ಬನ್ನಿ. ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುತ್ತದೆ. ಬಡ್ಡಿ ದರ ಏರಿಳಿಯುವ ಮನೆ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವ ಹಾಗಿಲ್ಲ. ಹೆಚ್ಚಿಗೆ ಕಟ್ಟುವಾಗ "ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ" ಅಂತ ಬರವಣಿಗೆಯಲ್ಲೇ ಕೊಡಿ.

ಹೆಜ್ಜೆ 4: ಮನೆ ಮತ್ತು ಗಾಡಿ, ಎರಡನ್ನೂ ಸೇರಿಸಿ ನೋಡಿ

ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದೇ ನಾವು ಮಾಡುವ ತಪ್ಪು. ಊರಾಚೆ ದೊಡ್ಡ ಮನೆ ಅಗ್ಗಕ್ಕೆ ಸಿಕ್ಕಿತು ಅಂತ ಹೋಗುತ್ತೇವೆ. ಆಮೇಲೆ ಕಾರು ಬೇಕೇ ಬೇಕು. ಆಮೇಲೆ ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ. ಹತ್ತಿರದಲ್ಲಿ ಒಂದು ರೂಮು ಕಡಿಮೆ ಇರುವ ಬಾಡಿಗೆ ಮನೆ ಹಿಡಿದು, ಕಾರಿಲ್ಲದೆ ಇದ್ದರೆ ಒಟ್ಟು ಖರ್ಚು ಎಷ್ಟು ಅಂತ ಲೆಕ್ಕ ಹಾಕಿ ನೋಡಿ.

ಬೆಂಗಳೂರಿನಲ್ಲಿ ಈಗ ಇದು ಮೊದಲಿಗಿಂತ ಸುಲಭ. ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಓಡುತ್ತಿದೆ. ಹಸಿರು ಮಾರ್ಗ 2024ರಲ್ಲಿ ಮಾದಾವರ ಮುಟ್ಟಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು. ಮನೆ ಹುಡುಕುವಾಗ ಮೊದಲು ನಿಲ್ದಾಣದಿಂದ ಹದಿನೈದು ನಿಮಿಷ ನಡೆಯುವ ದೂರದಲ್ಲಿ ಗೆರೆ ಎಳೆದುಕೊಳ್ಳಿ, ಆ ಗೆರೆಯೊಳಗೆ ಮನೆ ನೋಡಿ. ಬ್ರೋಕರ್ ಮಾತು ಕೇಳಬೇಡಿ, ನೀವೇ ಒಂದು ಸಲ ನಡೆದು ನೋಡಿ. ಫುಟ್‌ಪಾತ್ ಇದೆಯಾ, ರಾತ್ರಿ ದೀಪ ಉರಿಯುತ್ತಾ ಅಂತ ಆಗ ಗೊತ್ತಾಗುತ್ತದೆ. ಮನೆಯಲ್ಲಿ ಹೆಣ್ಣುಮಕ್ಕಳು ಜಾಸ್ತಿ ಇದ್ದರೆ ಶಕ್ತಿ ಯೋಜನೆ ನೆನಪಿರಲಿ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಇದನ್ನು ಬಳಸಿಕೊಳ್ಳೋಕೆ ನಾಚಿಕೆ ಯಾಕೆ?

ಕಾರಿನ ವಿಷಯ. ನಮ್ಮ ರಾಜ್ಯದ ರಸ್ತೆ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. 10ರಿಂದ 20 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ 17%, ಅದರ ಮೇಲೆ ಸೆಸ್ಸು. 12 ಲಕ್ಷದ ಕಾರಿಗೆ ತೆರಿಗೆಯೇ 2 ಲಕ್ಷದ ಮೇಲೆ. ಇನ್ಶೂರೆನ್ಸ್, ಸರ್ವೀಸು, ಪೆಟ್ರೋಲು, ಸಾಲದ ಬಡ್ಡಿ ಎಲ್ಲ ಕೂಡಿಸಿ ತಿಂಗಳಿಗೆ ಎಷ್ಟಾಗುತ್ತದೆ ನೋಡಿ. ಅಷ್ಟು ಹಣಕ್ಕೆ ತಿಂಗಳಲ್ಲಿ ಎಷ್ಟು ಸಲ ಆಟೋ, ಕ್ಯಾಬು ಹಿಡಿಯಬಹುದು ಅಂತಲೂ ನೋಡಿ. ವಯಸ್ಸಾದ ತಂದೆ ತಾಯಿ ಜೊತೆಗಿದ್ದು ಆಸ್ಪತ್ರೆಗೆ ಓಡಾಟ ಇದ್ದರೆ ಕಾರು ಇಟ್ಟುಕೊಳ್ಳಿ. ಅದು 'ಬೇ' ಗುರುತಿನ ಖರ್ಚು. ಬಾಗಿಲ ಮುಂದೆ ನಿಂತಿರಲಿ ಅಂತ ಮಾತ್ರ ಇಟ್ಟುಕೊಂಡಿದ್ದರೆ ಮಾರಿ.

ಹೆಜ್ಜೆ 5: ಮದುವೆ, ಗೃಹಪ್ರವೇಶ, ನಾಮಕರಣ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಮನೆಗಳು ಅತಿ ಹೆಚ್ಚು ಸೋಲುವುದು ಇಲ್ಲೇ. ಇಪ್ಪತ್ತು ವರ್ಷ ಕೂಡಿಟ್ಟದ್ದು ಎರಡು ದಿನದಲ್ಲಿ ಕರಗುತ್ತದೆ. ಛತ್ರ, ಮಂಟಪದ ಹೂವು, ರಿಸೆಪ್ಷನ್ನು, ಬೀಗರೂಟ, ಫೋಟೋದವರು. ಒಂದು ಎಲೆಗೆ 500 ರೂಪಾಯಿ ಅಂತ ಹಿಡಿದರೂ ಸಾವಿರ ಜನಕ್ಕೆ 5 ಲಕ್ಷ. ಅದರಲ್ಲಿ ಎಷ್ಟು ಜನರ ಹೆಸರು ಮದುಮಕ್ಕಳಿಗೆ ಗೊತ್ತಿರುತ್ತದೆ?

ಬೇರೆ ದಾರಿ ನಮ್ಮ ನೆಲದಲ್ಲೇ ಇದೆ. ಕುವೆಂಪು ಮಂತ್ರಮಾಂಗಲ್ಯವನ್ನು ರೂಪಿಸಿ, ತಮ್ಮ ಮಗ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಯನ್ನು 1966ರಲ್ಲಿ ಹಾಗೆಯೇ ನಡೆಸಿದರು. ವರದಕ್ಷಿಣೆ ಇಲ್ಲ, ಮುಹೂರ್ತದ ಹಂಗಿಲ್ಲ, ವಾದ್ಯ ವೈಭವ ಇಲ್ಲ. ಹತ್ತಿರದವರ ಮುಂದೆ ಗಂಡು ಹೆಣ್ಣು ಇಬ್ಬರೂ ಅರ್ಥವಾಗುವ ಕನ್ನಡದಲ್ಲಿ ಪ್ರಮಾಣ ಮಾಡುತ್ತಾರೆ. ಇವತ್ತಿಗೂ ಶಿವಮೊಗ್ಗ, ಮೈಸೂರು, ಚಿಕ್ಕಮಗಳೂರು ಕಡೆ ಇಂಥ ಮದುವೆ ನಡೆಯುತ್ತಲೇ ಇವೆ. ಶಾಸ್ತ್ರ ಬೇಕು, ಖರ್ಚು ಬೇಡ ಅನ್ನುವವರಿಗೆ ಸಾಮೂಹಿಕ ವಿವಾಹ ಇದೆ. ಧರ್ಮಸ್ಥಳದಲ್ಲಿ 1972ರಿಂದ ಇದು ನಡೆದುಕೊಂಡು ಬಂದಿದೆ. ಬಡವರಿಗೆ ಮಾತ್ರ ಅನ್ನುವ ಮನೋಭಾವ ನಾವು ಬಿಡಬೇಕು.

ಸರಳ ಮದುವೆಯಲ್ಲಿ ಕಾಗದದ ಕೆಲಸ ಮಾತ್ರ ಗಟ್ಟಿ ಇರಬೇಕು. ಇದನ್ನು ಎಷ್ಟೋ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾತ್ರ ಆದರೆ ಸಾಲದು, ಮದುವೆಯ ವಿಧಿಯೂ ನಡೆದಿರಬೇಕು. 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಸಾಂಪ್ರದಾಯಿಕ ವಿಧಿ ಬಿಟ್ಟು ಮದುವೆಯಾಗುವವರು 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಮದುವೆ ಮಾಡಿಕೊಳ್ಳುವುದು ಕ್ಷೇಮ. ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ನಮ್ಮಲ್ಲಿ ಈ ಕೆಲಸ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಆಗುತ್ತದೆ. ನೋಟಿಸು ಕೊಟ್ಟು 30 ದಿನ ಕಾಯಬೇಕು, ಮೂರು ತಿಂಗಳೊಳಗೆ ಮದುವೆ ಆಗಬೇಕು, ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಮಂತ್ರಮಾಂಗಲ್ಯದ ದಿನ ಗೊತ್ತು ಮಾಡುವ ಮೊದಲು ಈ 30 ದಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಯ್ಯಿಯ ಸರಪಳಿ ಕಡಿಯೋಕೆ ಒಂದು ದಾರಿ ಇದೆ. ನಿಮ್ಮ ಮನೆಯ ಕಾರ್ಯದಲ್ಲಿ 'ಆಶೀರ್ವಾದವೇ ಉಡುಗೊರೆ' ಅಂತ ಅಚ್ಚು ಹಾಕಿಸಿ, ಅದನ್ನು ನಿಜಕ್ಕೂ ಪಾಲಿಸಿ. ಕೈಗೆ ಬಂದ ಕವರನ್ನು ನಗುತ್ತಲೇ ಹಿಂದಿರುಗಿಸಿ. ಆದರೆ ಈಗಾಗಲೇ ನಿಮಗೆ ಮುಯ್ಯಿ ಹಾಕಿದವರ ಮನೆಗೆ ನೀವು ಹಾಕಲೇಬೇಕು. ಸರಳವಾಗಿ ಬದುಕುತ್ತೇವೆ ಅಂತ ಹಳೇ ಋಣ ತಪ್ಪಿಸಿಕೊಳ್ಳುವುದು ನ್ಯಾಯ ಅಲ್ಲ.

ಹೆಜ್ಜೆ 6: ಮನೆಯ ಹಿರಿಯರ ಹತ್ತಿರ ಮಾತಾಡುವುದು

ಮೇಲಿನ ಐದಕ್ಕಿಂತ ಇದು ಕಷ್ಟ. ಹಿರಿಯರ ಭಯಕ್ಕೆ ಕಾರಣ ಇದೆ. ರೇಷನ್ ಅಂಗಡಿ ಮುಂದೆ ಸಾಲು ನಿಂತವರು ಅವರು. ಬಾಡಿಗೆ ಮನೆಯ ಯಜಮಾನರ ಮಾತು ಕೇಳಿದವರು ಅವರು. ಸ್ವಂತ ಸೂರು, ನಾಲ್ಕು ಗ್ರಾಂ ಬಂಗಾರ ಅವರ ಪಾಲಿಗೆ ಧೈರ್ಯ. ಅದನ್ನು ಆಡಂಬರ ಅಂತ ಕರೆದರೆ ಮಾತು ಅಲ್ಲೇ ಮುರಿಯುತ್ತದೆ.

ಹಾಗಾಗಿ ವಾದದಿಂದ ಶುರು ಮಾಡಬೇಡಿ. ಲೆಕ್ಕ ತೋರಿಸಿ. "ಅಪ್ಪ, ಈ ಫ್ಲ್ಯಾಟ್ ತಗೊಂಡರೆ ಇಪ್ಪತ್ತು ವರ್ಷ ಇಷ್ಟು ಕಟ್ಟಬೇಕು. ನೀವೇ ಒಂದ್ಸಲ ನೋಡಿ" ಅಂತ ಹಾಳೆ ಅವರ ಕೈಗೆ ಕೊಡಿ. ಜೀವನಪೂರ್ತಿ ಸಂಸಾರದ ಲೆಕ್ಕ ನೋಡಿದವರಿಗೆ ಅಂಕಿ ಬೇಗ ಅರ್ಥವಾಗುತ್ತದೆ. ಮದುವೆಯ ವಿಷಯಕ್ಕೆ, "ಅಮ್ಮ, ನೀನು ಯಾರನ್ನ ಕರೀಲೇಬೇಕು ಅಂತೀಯೋ ಆ ಪಟ್ಟಿ ನೀನೇ ಬರಿ. ನೂರು ಜನಕ್ಕೆ ಬಾಳೆ ಎಲೆ ಊಟ, ನಿನಗಿಷ್ಟವಾದ ಹೋಳಿಗೆನೇ ಹಾಕಿಸೋಣ" ಅಂದರೆ ಅವರಿಗೂ ಒಂದು ಜಾಗ ಸಿಗುತ್ತದೆ. ಅವರಿಗೆ ತುಂಬಾ ಮುಖ್ಯವಾದ ಒಂದನ್ನು ಬಿಟ್ಟುಕೊಡಿ. ಕುಲದೇವರ ಹರಕೆ ಆಗಬಹುದು, ಸೋದರಮಾವನ ಮರ್ಯಾದೆ ಆಗಬಹುದು. ಆ ಖರ್ಚು ಚಿಕ್ಕದು, ಅದರಿಂದ ಉಳಿಯುವ ಪ್ರೀತಿ ದೊಡ್ಡದು.

ನೆಂಟರು ಕೇಳುವ ಪ್ರಶ್ನೆಗೆ ಉದ್ದದ ವಿವರಣೆ ಬೇಡ. "ಸದ್ಯಕ್ಕೆ ಹೀಗೇ ಚೆನ್ನಾಗಿದೆ ಅತ್ತೆ, ಬನ್ನಿ ಒಂದ್ಸಲ ಮನೆಗೆ." ಇಷ್ಟೇ ಸಾಕು. ಅವರು ಬಂದಾಗ ಚೆನ್ನಾಗಿ ಅಡುಗೆ ಮಾಡಿ ಬಡಿಸಿ. ಸರಳ ಅಂದರೆ ಬಂದವರಿಗೆ ಕೈ ಬಿಗಿ ಹಿಡಿಯುವುದಲ್ಲ. ಇನ್ನೊಂದು ಮಾತು: ನಿಮ್ಮ ದಾರಿಯನ್ನು ತಮ್ಮ ತಂಗಿಯರ ಮೇಲೆ ಹೇರಬೇಡಿ. ಅವರು ಕಾರು ಕೊಂಡರೆ ಪೂಜೆಗೆ ಹೋಗಿ, ಖುಷಿಪಡಿ.

ಮಕ್ಕಳ ಶಾಲೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದು ವರ್ಷದ ಫೀಸು ನೋಡಿ ಸೇರಿಸಬೇಡಿ, ಹತ್ತನೇ ತರಗತಿ ತನಕದ್ದು ಕೂಡಿಸಿ ನೋಡಿ. ನಡೆದು ಹೋಗುವಷ್ಟು ಹತ್ತಿರ ಇದೆಯಾ, ಮೇಷ್ಟ್ರು ವರ್ಷ ವರ್ಷ ಬದಲಾಗುತ್ತಾರಾ, ಆಟದ ಮೈದಾನ ಇದೆಯಾ, ಇವು ಮೂರು ಕೇಳಿ. ನಿಮ್ಮ ಹತ್ತಿರ ಸರ್ಕಾರದ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದ್ದರೆ ಒಂದು ದಿನ ಒಳಗೆ ಹೋಗಿ ನೋಡಿ ಬನ್ನಿ. ನೋಡದೆಯೇ ಬೇಡ ಅನ್ನಬೇಡಿ.

ಹೆಜ್ಜೆ 7: ಈಗ ಬೀರು ತೆಗೆಯಿರಿ

ದೊಡ್ಡದು ಮುಗಿದ ಮೇಲೆ ಸಾಮಾನಿನ ಕೆಲಸ ಬೇಗ ಆಗುತ್ತದೆ. ಒಂದು ದಿನಕ್ಕೆ ಒಂದೇ ಜಾಗ. ವರ್ಷದಿಂದ ಮುಟ್ಟದ್ದು ಹೊರಗೆ ಬರಲಿ. ಹಬ್ಬದ ಪಾತ್ರೆ, ಗೊಂಬೆ ಪೆಟ್ಟಿಗೆ, ಅಜ್ಜಿಯ ಹಿತ್ತಾಳೆ ಕೊಳಗ ಇವಕ್ಕೆ ಈ ನಿಯಮ ಬೇಡ. ಅವು ಇರಲಿ. ಹಳೇ ಹತ್ತಿ ಸೀರೆಗಳನ್ನು ಕಸಕ್ಕೆ ಹಾಕಬೇಡಿ. ಉತ್ತರ ಕರ್ನಾಟಕದ ಕಡೆ ಕೌದಿ ಹೊಲಿಯುವ ಹೆಣ್ಣುಮಕ್ಕಳಿದ್ದಾರೆ, ಅವರಿಗೆ ಕೊಟ್ಟು ಹೊಲಿಸಿದರೆ ಚಳಿಗಾಲಕ್ಕೆ ಅಂಥ ಹೊದಿಕೆ ಇನ್ನೊಂದಿಲ್ಲ. ಪೇಪರು, ಕಬ್ಬಿಣ, ಪ್ಲಾಸ್ಟಿಕ್ಕು ಗುಜರಿ ಅಂಗಡಿಗೆ. ಕೊಡುವ ಬಟ್ಟೆ ಒಗೆದು, ಗುಂಡಿ ಹಾಕಿ ಕೊಡಿ. ಹರಿದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ದಾನ ಅಲ್ಲ.

ಇನ್ನು ಮುಂದೆ ಬಟ್ಟೆ ಕೊಳ್ಳುವಾಗ ಕಮ್ಮಿ ಕೊಳ್ಳಿ, ಬಾಳಿಕೆ ಬರುವುದನ್ನು ಕೊಳ್ಳಿ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿ ನಿಲ್ಲಿಸಿದ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘ ಇದೆ. ಅಲ್ಲಿನ ಕೈಮಗ್ಗದ, ನೈಸರ್ಗಿಕ ಬಣ್ಣದ ಬಟ್ಟೆ ಕೊಂಡರೆ ದುಡ್ಡು ಸೀದಾ ನೇಯುವವರ ಊರಿಗೆ ಹೋಗುತ್ತದೆ. ಮಾಲ್‌ನಲ್ಲಿ ಕೊಳ್ಳುವ ಮೂರು ಅಂಗಿಯ ಬದಲು ಅಂಥದ್ದು ಒಂದು.

ಅಡುಗೆಮನೆಯಲ್ಲಿ ನಮ್ಮ ಹಿರಿಯರನ್ನು ಮೀರಿಸಿದ ಸರಳ ಜೀವಿಗಳು ಯಾರೂ ಇಲ್ಲ. ಬಸ್ಸಾರು ನೋಡಿ. ಸೊಪ್ಪು, ಬೇಳೆ ಒಟ್ಟಿಗೆ ಬೇಯಿಸಿ ಬಸಿದರೆ ನೀರಿನಿಂದ ಸಾರು, ಉಳಿದದ್ದರಿಂದ ಪಲ್ಯ. ಒಂದು ಪಾತ್ರೆ, ಎರಡು ಅಡುಗೆ, ಪಕ್ಕಕ್ಕೆ ಮುದ್ದೆ. ವಾರದಲ್ಲಿ ಮೂರು ದಿನ ಇಂಥ ಊಟ ಅಂತ ಗೊತ್ತು ಮಾಡಿಕೊಂಡರೆ ಆರ್ಡರ್ ಮಾಡುವ ಚಟ ತಾನಾಗೇ ಇಳಿಯುತ್ತದೆ.

ಹೆಜ್ಜೆ 8: ಕೈಬಿಡಬಾರದ ಖರ್ಚು

ಸರಳ ಬದುಕು ಅನ್ನುತ್ತಾ ಕೆಲವರು ಇನ್ಶೂರೆನ್ಸನ್ನೇ ನಿಲ್ಲಿಸುತ್ತಾರೆ. ಇದು ನನಗೆ ತುಂಬಾ ಭಯ ಹುಟ್ಟಿಸುವ ವಿಷಯ. ಒಂದು ಐಸಿಯು ವಾಸ ಎಲ್ಲ ಉಳಿತಾಯವನ್ನೂ ತಿಂದುಬಿಡುತ್ತದೆ. ಕಂಪನಿ ಕೊಟ್ಟ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನವೇ ಹೋಗುತ್ತದೆ. ಆದ್ದರಿಂದ ಕೆಲಸದಲ್ಲಿರುವಾಗಲೇ, ಆರೋಗ್ಯವಾಗಿರುವಾಗಲೇ ಸ್ವಂತದ್ದೊಂದು ಮಾಡಿಸಿ. ಈಗಾಗಲೇ ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಗರಿಷ್ಠ ಮೂರು ವರ್ಷದ ತನಕ ಕಾಯಿಸಬಹುದು. ಹಾಗಾಗಿ ಎಷ್ಟು ಬೇಗ ಮಾಡಿಸಿದರೆ ಅಷ್ಟು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ನಿಮ್ಮನ್ನು ನಂಬಿದವರು ಇದ್ದರೆ ಟರ್ಮ್ ಇನ್ಶೂರೆನ್ಸು, ಅಂದರೆ ಅವಧಿಯೊಳಗೆ ನೀವು ತೀರಿಕೊಂಡರೆ ಮನೆಯವರಿಗೆ ಹಣ ಕೊಡುವ ವಿಮೆ, ಕೂಡ ಬೇಕು. ಕಾಯಿಲೆಯನ್ನು ಮುಚ್ಚಿಟ್ಟು ಅರ್ಜಿ ತುಂಬಬೇಡಿ, ಕ್ಲೇಮಿನ ಹೊತ್ತಿಗೆ ಅದೇ ಮುಳುವಾಗುತ್ತದೆ.

ಆರು ತಿಂಗಳ 'ಸಾಕು' ಮೊತ್ತ ಬ್ಯಾಂಕಿನಲ್ಲಿ ಬೇರೆಯಾಗಿ ಇರಲಿ. ಠೇವಣಿ ಎಲ್ಲಿಡುತ್ತೀರಿ ಅನ್ನುವುದನ್ನೂ ನೋಡಿಕೊಳ್ಳಿ. ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದ ತನಕ ಠೇವಣಿ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದು ಅನ್ವಯ. ಆದರೆ ಬೀದಿಗೊಂದು ಇರುವ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಿಗೆ ಆ ವಿಮೆ ಇಲ್ಲ. ಒಂದೆರಡು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟು ಕಳೆದುಕೊಂಡು ಅಳುವ ಹಿರಿಯರನ್ನು ನೋಡುವುದು ಬಹಳ ಸಂಕಟ.

ಹೆಜ್ಜೆ 9: ಕೆಲಸ ಕಡಿಮೆ ಮಾಡುವುದಾದರೆ

ಎಲ್ಲರೂ ಕೆಲಸ ಬಿಡಬೇಕಿಲ್ಲ. ಇಬ್ಬರ ಸಂಬಳದ ಬದಲು ಒಬ್ಬರದ್ದು, ಆರು ದಿನದ ಬದಲು ನಾಲ್ಕು ದಿನ, ದೊಡ್ಡ ಹುದ್ದೆಯ ಬದಲು ನೆಮ್ಮದಿಯ ಹುದ್ದೆ. ಇವೂ ಸರಳ ಬದುಕೇ.

ಪೂರ್ತಿ ಬಿಡುವ ಯೋಚನೆ ಇದ್ದರೆ ಈ ಲೆಕ್ಕ ನೋಡಿ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಅದು 1990ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಯ ಲೆಕ್ಕ, ಮೂವತ್ತು ವರ್ಷದ ನಿವೃತ್ತಿಗೆ ಹಾಕಿದ್ದು. ನಮ್ಮಲ್ಲಿ ಬೆಲೆ ಏರುವ ವೇಗ ಬೇರೆ. ವರ್ಷಕ್ಕೆ 6% ಏರಿದರೂ ಹನ್ನೆರಡು ವರ್ಷಕ್ಕೆ ಎಲ್ಲದರ ಬೆಲೆ ಎರಡು ಪಟ್ಟಾಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಬಿಡುವವರು 30 ಪಟ್ಟಿಗಿಂತ ಕಡಿಮೆ ಇಟ್ಟುಕೊಳ್ಳಬಾರದು ಅನ್ನುವುದು ನನ್ನ ಅಭಿಪ್ರಾಯ.

ತಿಂಗಳಿಗೆ 60,000 ಖರ್ಚಿದ್ದರೆ 30 ಪಟ್ಟು ಅಂದರೆ 2 ಕೋಟಿ 16 ಲಕ್ಷ. ಖರ್ಚು 35,000ಕ್ಕೆ ಇಳಿದರೆ 1 ಕೋಟಿ 26 ಲಕ್ಷ. ತಿಂಗಳಿಗೆ 25,000 ಕಡಿಮೆಯಾದದ್ದಕ್ಕೆ 90 ಲಕ್ಷ ದುಡಿಯುವುದು ತಪ್ಪಿತು. ಖರ್ಚು ಇಳಿಸುವುದು ಎಷ್ಟು ವರ್ಷದ ಬಿಡುಗಡೆ ಅಂತ ಇದರಲ್ಲಿ ಕಾಣುತ್ತದೆ, ಅಲ್ವಾ?

ರಾಜೀನಾಮೆ ಕೊಡುವ ಮೊದಲು ಆರು ತಿಂಗಳು ಪರೀಕ್ಷೆ ಮಾಡಿ. ಸಂಬಳ ಬಂದ ದಿನವೇ 'ಸಾಕು' ಮೊತ್ತ ಒಂದು ಖಾತೆಗೆ, ಮಿಕ್ಕಿದ್ದು ಮುಟ್ಟದ ಇನ್ನೊಂದು ಖಾತೆಗೆ. ಆ ಆರು ತಿಂಗಳಲ್ಲಿ ಒಂದು ಹಬ್ಬ, ಒಂದು ಕಾಯಿಲೆ, ಒಂದು ಮದುವೆ ಬಂದೇ ಬರುತ್ತದೆ. ಅವನ್ನೆಲ್ಲ ದಾಟಿಯೂ ಆ ಮೊತ್ತದಲ್ಲಿ ನಡೆದರೆ ನಿಮ್ಮ ಲೆಕ್ಕ ಸರಿ ಇದೆ. ನಡೆಯದಿದ್ದರೆ ಅಂಕಿ ತಿದ್ದಿ, ಮತ್ತೆ ಆರು ತಿಂಗಳು ನೋಡಿ. ಅಷ್ಟು ದಿನ ಸಂಬಳ ಇದ್ದೇ ಇರುತ್ತದೆ, ಅವಸರ ಇಲ್ಲ.

ಹೆಜ್ಜೆ 10: ಹಳ್ಳಿಗೆ ಹೋಗುವ ಆಸೆ ಇರುವವರಿಗೆ

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೂತ ಎಷ್ಟೋ ಜನರ ಮನಸ್ಸು ಒಂದು ಎಕರೆ ತೋಟದಲ್ಲಿ ಓಡಾಡುತ್ತಿರುತ್ತದೆ. ಆಸೆ ಒಳ್ಳೆಯದೇ. ದೊಡ್ಡಬಳ್ಳಾಪುರದ ಹತ್ತಿರ ಎಲ್. ನಾರಾಯಣ ರೆಡ್ಡಿಯವರು ಕೆಲವೇ ಎಕರೆಯಲ್ಲಿ ರಾಸಾಯನಿಕ ಹಾಕದೆ ಬೆಳೆದು, ನಗರದಿಂದ ಹೋದ ಎಷ್ಟೋ ಜನರಿಗೆ ಕಲಿಸಿದರು. ಆದರೆ ಅವರು ರೈತರು, ಜೀವನವಿಡೀ ಮಣ್ಣಿನಲ್ಲಿ ದುಡಿದವರು. ಲ್ಯಾಪ್‌ಟಾಪ್ ಮುಂದೆ ಕೂತು ಬಂದ ದೇಹಕ್ಕೆ ಮೊದಲ ಎರಡು ವರ್ಷ ಜಮೀನಿನಿಂದ ಆದಾಯದ ಲೆಕ್ಕವೇ ಬೇಡ. ಅದು ಖರ್ಚಿನ ಬಾಬತ್ತು ಅಂತಲೇ ಹಿಡಿಯಿರಿ.

2020ರಲ್ಲಿ ಭೂಸುಧಾರಣಾ ಕಾಯ್ದೆಯ ಕಲಂ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳುವ ದಾರಿ ತೆರೆಯಿತು. ಅದರ ಜೊತೆಗೇ 'ಫಾರ್ಮ್ ಪ್ಲಾಟ್' ಮಾರುವವರೂ ಹೆಚ್ಚಾದರು. ಬ್ರೋಷರ್ ನೋಡಿ ಅಡ್ವಾನ್ಸ್ ಕೊಡಬೇಡಿ. ಪಹಣಿ, ಮ್ಯುಟೇಶನ್, ಸರ್ವೆ ನಕ್ಷೆ ನೋಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಪಿಟಿಸಿಎಲ್ ಕಾಯ್ದೆಯಡಿ ಪರಿಶಿಷ್ಟರಿಗೆ ಮಂಜೂರಾದ ಜಮೀನು ಅಲ್ಲ ಅನ್ನೋದು ಖಚಿತವಾಗಲಿ. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಅದು ಮೂಲ ಕುಟುಂಬಕ್ಕೆ ವಾಪಸಾಗುತ್ತದೆ, ಆಗಬೇಕಾದದ್ದೂ ಹಾಗೆಯೇ. ಕೊಡುವ ಫೀಸಿಗೆ ಹಿಂದೆ ಮುಂದೆ ನೋಡದೆ ಅದೇ ತಾಲ್ಲೂಕಿನ ವಕೀಲರೊಬ್ಬರಿಂದ ಕಾಗದ ಓದಿಸಿ.

ಕೊಳ್ಳುವ ಮೊದಲು ಒಂದು ವರ್ಷ ಆ ಊರಿನಲ್ಲಿ ಬಾಡಿಗೆಗೆ ಇರಿ. ಮಳೆಗಾಲದಲ್ಲಿ ಎಲ್ಲ ಹಳ್ಳಿಯೂ ಹಸಿರಾಗಿಯೇ ಕಾಣುತ್ತದೆ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಮೂರು ಫೇಸ್ ಕರೆಂಟು ಯಾವ ಹೊತ್ತಿಗೆ ಕೊಡುತ್ತಾರೆ, ಕಳೆ ತೆಗೆಯೋಕೆ ಆಳು ಸಿಗುತ್ತಾರಾ, ಹಂದಿ, ಮಂಗ, ಆನೆಯ ಕಾಟ ಹೇಗೆ ಅಂತ ಅಕ್ಕಪಕ್ಕದವರನ್ನು ಕೇಳಿ. ಕೆರೆ ಏರಿ ಮೇಲೆ ಕೂತ ಹಿರಿಯರು ದಲ್ಲಾಳಿ ಹೇಳದ್ದನ್ನೆಲ್ಲ ಹೇಳುತ್ತಾರೆ. ಊರಿನ ಹಬ್ಬಕ್ಕೆ ವಂತಿಗೆ ಕೊಡಿ, ಸಾವಿಗೆ ಹೋಗಿ ನಿಲ್ಲಿ, ಬೇಲಿ ಹಾಕುವ ಮೊದಲು ಅಕ್ಕಪಕ್ಕದ ಹೊಲದವರು ಓಡಾಡುವ ದಾರಿ ಎಲ್ಲಿದೆ ಅಂತ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಎಷ್ಟು ಇಂಚು ನೀರು ಬರುತ್ತದೆ ಅಂತ ನಿಂತು ನೋಡಿ. ಆಮೇಲೆ ರೇಟು ಮಾತಾಡಿ.